ಎರಡು ಮೊಟ್ಟೆ, ಕಾಲು ಕೋಸು

ಈ ಸಲ ಪತ್ರದ ಚೀಲದ ತುಂಬಾ ಮೊಟ್ಟೆಯದೇ ಮಾತು. ಹೋದ ತಿಂಗಳು ಇದೇ ಪುಟದಲ್ಲಿ ಯಾರಿಗೋ ಉತ್ತರ ಕೊಡುತ್ತಾ, ರಾತ್ರಿ ಹಸಿವಿಗೆ ಬಿಸ್ಕತ್ತು ತಿನ್ನುವ ಬದಲು ಎರಡು ಮೊಟ್ಟೆ ಒಡೆದು ತರಕಾರಿಗೆ ಹಾಕಿಕೊಳ್ಳಿ ಅಂತ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪ್ರಶ್ನೆ ಬಂದಿವೆ. ಒಬ್ಬರ ಉಪ್ಪಿನಕಾಯಿಗೆ ಬೂಷ್ಟು ಹಿಡಿದಿದೆಯಂತೆ, ಇನ್ನೊಬ್ಬರ ಚಕ್ಕುಲಿ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದಂತೆ. ಅವರೆಲ್ಲ ಕ್ಷಮಿಸಬೇಕು, ಮುಂದಿನ ಸಲ ನೋಡೋಣ. ಇವತ್ತು ಮೊಟ್ಟೆ ಮುಗಿಸಿಬಿಡೋಣ.

*

ಅಕ್ಕಾ, ಬೆಂಗಳೂರಿನಲ್ಲಿ ರೂಮ್ ಮಾಡಿಕೊಂಡಿದ್ದೇನೆ. ಕೆಲಸ ಮುಗಿಸಿ ಬರುವಾಗ ರಾತ್ರಿ ಒಂಬತ್ತೂವರೆ. ದಾರಿಯಲ್ಲೇ ಗಾಡಿ ಎಗ್ ರೈಸ್ ತಿಂದು ಬರುತ್ತಿದ್ದೆ, ಒಂದು ವರ್ಷದಲ್ಲಿ ಏಳು ಕೆಜಿ ಏರಿದ್ದೇನೆ. ಜಿಮ್‌ನವರು ಸಲಾಡ್ ತಿನ್ನು ಅಂತಾರೆ, ಅದನ್ನು ತಿಂದರೆ ಹನ್ನೊಂದಕ್ಕೆ ಮತ್ತೆ ಹಸಿವು. ನನ್ನ ಹತ್ತಿರ ಇಂಡಕ್ಷನ್ ಒಲೆ, ಒಂದು ಬಾಣಲೆ, ಒಂದು ಚಾಕು ಇದೆ. 50 ರೂಪಾಯಿ ಒಳಗೆ ಹೊಟ್ಟೆ ತುಂಬುವ, ಖಾರ ಖಾರ ಇರುವ, ಮೈ ಬರದಂಥದ್ದು ಒಂದು ಹೇಳಿಕೊಡಿ.
— ಇಪ್ಪತ್ತಾರರ ಹುಡುಗ, ಬೆಂಗಳೂರು

ತಮ್ಮಾ, ನಿನ್ನನ್ನು ನೀನು ಅಂತಲೇ ಕರೆಯುತ್ತೇನೆ, ಬೇಜಾರು ಮಾಡಿಕೋಬೇಡ. ಹದಿನೆಂಟು ವರ್ಷ ಮೈಸೂರಿನಲ್ಲಿ ಕಾಲೇಜು ಹುಡುಗರಿಗೆ ಮೆಸ್ ನಡೆಸಿದವಳು ನಾನು, ನಿನ್ನ ವಯಸ್ಸಿನ ಹಸಿವು ಏನು ಅಂತ ಚೆನ್ನಾಗಿ ಗೊತ್ತು.

ಮೊದಲು ಆ ಗಾಡಿ ತಟ್ಟೆಯ ಲೆಕ್ಕ. ಅದರಲ್ಲಿ ಮೊಟ್ಟೆ ಒಂದೋ ಎರಡೋ ಇರುತ್ತದೆ. ಮಿಕ್ಕಿದ್ದೆಲ್ಲ ಅನ್ನ, ಎಣ್ಣೆ. ನಿನ್ನ ಏಳು ಕೆಜಿ ಮೊಟ್ಟೆಯಿಂದ ಬಂದದ್ದಲ್ಲ. ಒಂದು ಮೊಟ್ಟೆಗೆ 70ರಿಂದ 75 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆಗೆ 120. ಗಾಡಿಯವನು ಕಾದ ಹೆಂಚಿನ ಮೇಲೆ ಎಣ್ಣೆ ಬಾಟಲಿಯನ್ನು ಬಗ್ಗಿಸುತ್ತಾನಲ್ಲ, ಅದು ಎಷ್ಟು ಚಮಚ ಅಂತ ಒಂದು ದಿನ ನಿಂತು ಎಣಿಸು. ಅವನ ತಪ್ಪೇನಿಲ್ಲ, ಅಷ್ಟು ಎಣ್ಣೆ ಇಲ್ಲದಿದ್ದರೆ ಅನ್ನ ಹೆಂಚಿಗೆ ಹಿಡಿದುಕೊಳ್ಳುತ್ತದೆ, ಆ ರುಚಿಯೂ ಬರಲ್ಲ.

ಸಲಾಡ್ ಯಾಕೆ ಸಾಲುತ್ತಿಲ್ಲ ಅಂದರೆ ಅದರಲ್ಲಿ ಬರೀ ನೀರು ಮತ್ತು ನಾರು ಇದೆ, ಜೊತೆಗೆ ತಣ್ಣಗೆ, ಸಪ್ಪೆ. ಮೊಟ್ಟೆ ಸೇರಿದರೆ ಪ್ರೋಟೀನ್ ಬರುತ್ತದೆ, ಒಂದರಲ್ಲಿ ಸುಮಾರು 6 ಗ್ರಾಂ, ಅದು ಹೊಟ್ಟೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆದ್ದರಿಂದ ನೀನು ಮಾಡಬೇಕಾದ್ದು ಕೋಸು ಮೊಟ್ಟೆ ಪಲ್ಯ. ಎಲ್ಲರೂ ಮೊಟ್ಟೆ ಬುರ್ಜಿಗೆ ಒಂದು ಹಿಡಿ ತರಕಾರಿ ಹಾಕುತ್ತಾರೆ. ನೀನು ಒಂದು ಬಾಣಲೆ ತರಕಾರಿಗೆ ಎರಡು ಮೊಟ್ಟೆ ಹಾಕು. ವ್ಯತ್ಯಾಸ ಇರುವುದು ಅಷ್ಟೇ.

ಒಬ್ಬನಿಗೆ, ಒಂದು ಹೊತ್ತಿಗೆ: ಒಂದು ಕೆಜಿ ತೂಗುವ ಕೋಸಿನಲ್ಲಿ ಕಾಲು ಭಾಗ, ಒಂದು ಈರುಳ್ಳಿ, ಅರ್ಧ ಕ್ಯಾರೆಟ್, ಒಂದು ಸಣ್ಣ ಟೊಮೆಟೊ, ಎರಡು ಹಸಿಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ, ಸಣ್ಣ ಚೂರು ಶುಂಠಿ, ಎರಡು ಮೊಟ್ಟೆ. ಎಣ್ಣೆ ಒಂದೇ ಒಂದು ಟೀ ಚಮಚ. ಚಮಚದಲ್ಲೇ ಅಳೆದು ಹಾಕು, ಬಾಟಲಿಯಿಂದ ಅಂದಾಜಿಗೆ ಸುರಿದರೆ ಮೂರು ಚಮಚ ಬೀಳುತ್ತದೆ, ನನ್ನ ಕೈಯಲ್ಲೂ ಅಷ್ಟೇ ಬೀಳುವುದು.

ಕೋಸನ್ನು ನೂಡಲ್ಸ್‌ಗೆ ಹೆಚ್ಚುವ ಹಾಗೆ ಎಳೆ ಎಳೆ ಮಾಡಬೇಡ. ಪಲ್ಯಕ್ಕೆ ಹೆಚ್ಚುವ ಹಾಗೆ ಸಣ್ಣ ಸಣ್ಣ ಚೌಕ ಇರಲಿ. ಎಳೆ ಎಳೆಯಾಗಿದ್ದರೆ ಬೇಗ ಮೆತ್ತಗಾಗಿ ಎರಡು ನಿಮಿಷಕ್ಕೆ ನುಂಗಿ ಮುಗಿಸುತ್ತೀಯ, ಚೂರು ಚೂರಿದ್ದರೆ ಅಗಿಯಬೇಕು, ಅಗಿದಷ್ಟೂ ತಿಂದ ಸಮಾಧಾನ. ನಡುವಿನ ಗಟ್ಟಿ ದಿಂಡನ್ನೂ ಎಸೆಯಬೇಡ, ತೆಳ್ಳಗೆ ಹೆಚ್ಚಿ ಸೇರಿಸು, ಅದಕ್ಕೂ ದುಡ್ಡು ಕೊಟ್ಟಿದ್ದೀಯ.

ಬಾಣಲೆ ಕಬ್ಬಿಣದ್ದೋ ತಳಕ್ಕೆ ಆಯಸ್ಕಾಂತ ಅಂಟುವ ಸ್ಟೀಲಿನದೋ ಆದರೆ ಇಂಡಕ್ಷನ್‌ಗೆ ಆಗುತ್ತದೆ. ಬರಿದೇ ಒಂದು ನಿಮಿಷ ಕಾಯಿಸಿ, ಆಮೇಲೆ ಎಣ್ಣೆ ಹಾಕಿ ಬಾಣಲೆಯನ್ನು ಆಚೆ ಈಚೆ ಓಲಾಡಿಸಿ ತಳಕ್ಕೆಲ್ಲ ಸವರಿಕೊಳ್ಳುವ ಹಾಗೆ ಮಾಡು. ಸಾಸಿವೆ, ಅದು ಸಿಡಿದ ಮೇಲೆ ಕರಿಬೇವು, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಸೀಳಿದ ಮೆಣಸಿನಕಾಯಿ, ಈರುಳ್ಳಿ. ಎಣ್ಣೆ ಕಡಿಮೆ ಇರುವುದರಿಂದ ಈರುಳ್ಳಿ ತಳ ಹಿಡಿಯುತ್ತದೆ. ಹಿಡಿದರೆ ಎಣ್ಣೆ ಸುರಿಯಬೇಡ, ಎರಡು ಚಮಚ ನೀರು ಚಿಮುಕಿಸು, ತಾನಾಗಿ ಬಿಡುತ್ತದೆ.

ಈಗ ಮಸಾಲೆ. ಕಾಲು ಚಮಚ ಅರಿಶಿನ, ಅರ್ಧ ಚಮಚ ಅಚ್ಚಖಾರದ ಪುಡಿ, ಒಂದು ಚಮಚ ಧನಿಯಾ ಪುಡಿ. ಇವನ್ನು ನೇರ ಬಾಣಲೆಗೆ ಉದುರಿಸಬೇಡ. ಒಂದು ಸಣ್ಣ ಬಟ್ಟಲಲ್ಲಿ ಎರಡು ಚಮಚ ನೀರಿನಲ್ಲಿ ಕಲಸಿ ಹಾಕು. ಕಡಿಮೆ ಎಣ್ಣೆಯಲ್ಲಿ ಒಣ ಖಾರದ ಪುಡಿ ಕ್ಷಣದಲ್ಲಿ ಸೀಯುತ್ತದೆ. ಮೆಸ್ ಶುರು ಮಾಡಿದ ಮೊದಲ ತಿಂಗಳು ಎಣ್ಣೆ ಉಳಿಸುತ್ತೇನೆ ಅಂತ ಹೊರಟು ಕಾದ ಬಾಣಲೆಗೆ ಒಂದು ಹಿಡಿ ಖಾರದ ಪುಡಿ ಹಾಕಿದ್ದೆ. ನಲವತ್ತು ಹುಡುಗರೂ ತಟ್ಟೆ ಹಿಡಿದುಕೊಂಡು ಕೆಮ್ಮುತ್ತಾ ರಸ್ತೆಗೆ ಓಡಿದರು. ಆಗ ಅಡುಗೆಗಿದ್ದ ಅಜ್ಜಿ ಏನೂ ಬೈಯಲಿಲ್ಲ, ಸುಮ್ನೆ ಒಂದು ಬಟ್ಟಲಲ್ಲಿ ಪುಡಿ, ನೀರು ಕಲಸಿ ತೋರಿಸಿದರು.

ಆ ಕಲಸಿದ ಮಸಾಲೆಯ ಹಸಿ ವಾಸನೆ ಹೋದ ಮೇಲೆ ಟೊಮೆಟೊ, ಅದು ಮೆತ್ತಗಾದ ಮೇಲೆ ಕ್ಯಾರೆಟ್, ಕೋಸು, ಅರ್ಧ ಉಪ್ಪು. ಬಾಣಲೆ ತುಂಬಿ ಗೋಪುರ ಆಗುತ್ತದೆ. ಇಷ್ಟೊಂದು ತಿನ್ನಬೇಕಾ ಅಂತ ಹೆದರಬೇಡ, ಕೋಸಿನಲ್ಲಿ ನೂರಕ್ಕೆ 90ರ ಮೇಲೆ ನೀರೇ, ಐದು ನಿಮಿಷಕ್ಕೆ ಅರ್ಧಕ್ಕೆ ಇಳಿಯುತ್ತದೆ. ಮೂರು ನಿಮಿಷ ತಟ್ಟೆ ಮುಚ್ಚು. ಆಮೇಲೆ ತೆಗೆದು ಉರಿ ಜೋರು ಮಾಡಿ ಮಗುಚುತ್ತಾ ಇರು. ಈ ಹಂತದಲ್ಲಿ ಕಿವಿ ಕೊಡು. ನೀರಿದ್ದಾಗ ಬಾಣಲೆ ಕೊತಕೊತ ಅನ್ನುತ್ತದೆ. ನೀರು ಆರಿದ ಮೇಲೆ ಶಬ್ದ ಬದಲಾಗಿ ಚಿಟಚಿಟ ಅನ್ನಲು ಶುರು ಮಾಡುತ್ತದೆ. ಆ ಚಿಟಚಿಟ ಬರುವ ತನಕ ಮೊಟ್ಟೆ ಹಾಕಬಾರದು.

ಎರಡು ಮೊಟ್ಟೆಯನ್ನು ಒಂದು ಲೋಟದಲ್ಲಿ ಒಡೆದು, ಉಳಿದ ಉಪ್ಪು, ಕುಟ್ಟಿದ ಕಾಳುಮೆಣಸು ಹಾಕಿ ಚಮಚದಲ್ಲಿ ಕಲಕು. ಕೋಸನ್ನೆಲ್ಲ ಬಾಣಲೆಯ ಅಂಚಿಗೆ ತಳ್ಳಿ ನಡುವೆ ಬಾವಿ ಮಾಡು, ಮೊಟ್ಟೆಯನ್ನು ಆ ಬಾವಿಗೆ ಸುರಿ. ಸುರಿದು ಕೈ ಕಟ್ಟಿಕೊಂಡು ಇಪ್ಪತ್ತರ ತನಕ ಎಣಿಸು. ಗಾಡಿಯವನ ಹಾಗೆ ಟಕಟಕ ಅಂತ ಕುಟ್ಟಬೇಡ. ಅಂಚು ಬೆಳ್ಳಗಾಗಿ, ತಳ ತೆಳು ದೋಸೆಯಂತೆ ಗಟ್ಟಿಯಾದಾಗ ಸೌಟಿನಿಂದ ಅಡಿಯಿಂದ ಎತ್ತಿ ದೊಡ್ಡ ದೊಡ್ಡ ತುಂಡಾಗಿ ಮಡಚು, ಆಮೇಲೆ ಕೋಸಿನ ಜೊತೆ ಮೆಲ್ಲಗೆ ಸೇರಿಸು. ಎಲ್ಲೂ ಹಸಿ ಲೋಳೆ ಕಾಣಬಾರದು, ಆದರೆ ಒಣಗಿ ಪುಡಿಪುಡಿ ಆಗುವ ತನಕವೂ ಬಿಡಬೇಡ. ದೊಡ್ಡ ತುಂಡಿದ್ದರೆ ಎರಡೇ ಮೊಟ್ಟೆ ನಾಲ್ಕು ಮೊಟ್ಟೆಯಂತೆ ಕಾಣುತ್ತದೆ, ಪ್ರತಿ ತುತ್ತಿನಲ್ಲೂ ಬಾಯಿಗೆ ಸಿಗುತ್ತದೆ. ಪುಡಿ ಮಾಡಿದರೆ ಕೋಸಿನಲ್ಲಿ ಕಳೆದುಹೋಗಿ, ಮೊಟ್ಟೆ ಎಲ್ಲಿ ಅಂತ ನೀನೇ ಕೇಳುತ್ತೀಯ. ಮೆಸ್‌ನಲ್ಲಿ ಬುಧವಾರ ರಾತ್ರಿ ನಲವತ್ತು ಹುಡುಗರಿಗೆ ಎರಡು ಟ್ರೇ, ಅಂದರೆ 60 ಮೊಟ್ಟೆಯಲ್ಲಿ ಹೀಗೇ ಸುಧಾರಿಸುತ್ತಿದ್ದೆ. ತಲೆಗೆ ಒಂದೂವರೆ ಮೊಟ್ಟೆ ಅಂತ ಒಬ್ಬನೂ ಕಂಡುಹಿಡಿಯಲಿಲ್ಲ.

ಒಲೆ ಆರಿಸಿದ ಮೇಲೆ ನಿಂಬೆರಸ, ಕೊತ್ತಂಬರಿ ಸೊಪ್ಪು. ನಿಂಬೆರಸ ಬಿದ್ದರೆ ಉಪ್ಪು ಕಡಿಮೆ ಇದ್ದರೂ ಗೊತ್ತಾಗಲ್ಲ.

ಮೈ ಬರಬಾರದು ಅಂದೆಯಲ್ಲ, ಕ್ಯಾಲೊರಿ ಲೆಕ್ಕ ಇದು: ಮೊಟ್ಟೆ ಎರಡಕ್ಕೆ 145, ಕೋಸು ಕಾಲು ಕೆಜಿಗೆ 60ರಷ್ಟು, ಈರುಳ್ಳಿ ಕ್ಯಾರೆಟ್ ಟೊಮೆಟೊ ಎಲ್ಲ ಸೇರಿ 55, ಎಣ್ಣೆ 45. ಒಟ್ಟು 300ರ ಆಸುಪಾಸು, ಪ್ರೋಟೀನ್ 15 ಗ್ರಾಂ ದಾಟುತ್ತದೆ. ದುಡ್ಡು? ಮೊನ್ನೆ ನಮ್ಮ ಬೀದಿ ಅಂಗಡಿಯಲ್ಲಿ ಮೊಟ್ಟೆ 7 ರೂಪಾಯಿ. ಕೋಸು, ಈರುಳ್ಳಿ, ಮಿಕ್ಕಿದ್ದೆಲ್ಲ ಸೇರಿದರೂ 40 ದಾಟಲಿಲ್ಲ. ಜೊತೆಗೆ ಎಣ್ಣೆ ಹಾಕದ ಒಂದು ಚಪಾತಿ ತಿಂದರೆ ಇನ್ನೊಂದು 100 ಕ್ಯಾಲೊರಿ, ಅಷ್ಟೇ. ಚಪಾತಿ ಲಟ್ಟಿಸುವ ಶಕ್ತಿ ಇಲ್ಲ ಅಂದರೆ ಬರೀ ಪಲ್ಯವನ್ನೇ ತಟ್ಟೆ ತುಂಬಾ ಬಡಿಸಿಕೊಂಡು ತಿನ್ನು.

ದಿನಾ ಕೋಸು ತಿಂದು ಬೇಜಾರಾದರೆ ಸೀಮೆಬದನೆ, ಬೀನ್ಸ್, ಹೀರೆಕಾಯಿ, ಪಾಲಕ್. ಒಂದು ಹಿಡಿ ಮೊಳಕೆ ಬಂದ ಹೆಸರುಕಾಳು ಹಾಕಿದರಂತೂ ಬೆಳಗಿನ ತನಕ ಹಸಿವಿಲ್ಲ. ಆಲೂಗಡ್ಡೆ ಮಾತ್ರ ಅಪರೂಪಕ್ಕಿರಲಿ, ಅದೇ ತೂಕದ ಕೋಸಿಗಿಂತ ಅದರಲ್ಲಿ ಮೂರು ಪಟ್ಟು ಕ್ಯಾಲೊರಿ. ಗಾಡಿಗೆ ತಿಂಗಳಿಗೊಮ್ಮೆ ಹೋಗು, ಪರವಾಗಿಲ್ಲ. ಸಂಬಳದ ದಿನ ಹೋಗು.

*

ನಾನು ಮೊಟ್ಟೆ ಪಲ್ಯ ಮಾಡಿದರೆ ತಟ್ಟೆಯಲ್ಲಿ ನೀರು ಹರಿಯುತ್ತದೆ. ನಮ್ಮ ಅತ್ತೆ ಇದು ಪಲ್ಯನಾ ಸಾರಾ ಅಂತ ಕೇಳ್ತಾರೆ. ತರಕಾರಿ ಜಾಸ್ತಿ ಹಾಕಿದ್ದೇ ತಪ್ಪಾ?
— ತುಮಕೂರಿನ ಸೊಸೆ

ತರಕಾರಿ ಜಾಸ್ತಿ ಹಾಕಿದ್ದು ತಪ್ಪಲ್ಲ, ಅವಸರ ತಪ್ಪು. ಉಪ್ಪು ಬಿದ್ದ ಕೂಡಲೇ ತರಕಾರಿ ನೀರು ಬಿಡುತ್ತದೆ, ಟೊಮೆಟೊ ತನ್ನ ಪಾಲನ್ನೂ ಸೇರಿಸುತ್ತದೆ. ಆ ನೀರು ಆರುವ ಮೊದಲೇ ಮೊಟ್ಟೆ ಸುರಿದರೆ ಮೊಟ್ಟೆ ಹುರಿಯುವ ಬದಲು ಬೇಯುತ್ತದೆ, ಮೊಸರು ಒಡೆದಂತೆ ಚೂರು ಚೂರಾಗುತ್ತದೆ. ಮೇಲೆ ಬರೆದೆನಲ್ಲ ಆ ಚಿಟಚಿಟ ಶಬ್ದ, ಅದಕ್ಕೆ ಕಾಯಿರಿ.

ಇನ್ನೊಂದು ಕಾರಣವೂ ಇದೆ. ಮೊಟ್ಟೆಯನ್ನು ಅತಿಯಾಗಿ ಬೇಯಿಸಿದರೆ ಅದು ಬಿಗಿದುಕೊಂಡು ಒಳಗಿನ ನೀರನ್ನು ಹಿಂಡಿ ಹೊರಗೆ ಹಾಕುತ್ತದೆ. ನೀರು ಕಂಡು ಇನ್ನೂ ಬೆಂದಿಲ್ಲ ಅಂತ ನೀವು ಮತ್ತೆ ಉರಿ ಇಡುತ್ತೀರಿ, ಅದು ಮತ್ತೆ ಹಿಂಡುತ್ತದೆ. ಮೊಟ್ಟೆ ಹಾಕಿದ ಮೇಲೆ ಮುಚ್ಚಿ ಇಡುವುದನ್ನೂ ಬಿಡಿ, ಮುಚ್ಚಳದ ಹನಿಯೆಲ್ಲ ಪಲ್ಯಕ್ಕೇ ಬೀಳುತ್ತದೆ. ಸೀಮೆಬದನೆ, ಸೋರೆಕಾಯಿ ಆದರೆ ತುರಿದು ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು ಹಿಂಡಿ ಹಾಕಿ. ಹಿಂಡಿದ ನೀರಿನಲ್ಲಿ ಚಪಾತಿ ಹಿಟ್ಟು ಕಲಸಿಕೊಳ್ಳಿ, ಅದರಲ್ಲೇ ಉಪ್ಪಿರುತ್ತದೆ. ಅತ್ತೆಯವರಿಗೆ ಇಷ್ಟಾದ ಮೇಲೂ ಸಾರಿನಂತೆ ಕಂಡರೆ ಅದು ನನ್ನ ಕಾಲಂ ವ್ಯಾಪ್ತಿಗೆ ಬರಲ್ಲ.

*

ಅಕ್ಕಾರ, ನಿಮ್ಮ ಕಡೆ ಮೊಟ್ಟೆ ಅಂತೀರಿ, ನಮ್ಮ ಕಡೆ ತತ್ತಿ. ತತ್ತಿ ಪಲ್ಯಾಕ್ಕ ಶೇಂಗಾ ಹಿಂಡಿ ಹಾಕಲಿಲ್ಲಂದ್ರ ನಮ್ಮ ಮನ್ಯಾಗ ಯಾರೂ ಮುಟ್ಟಂಗಿಲ್ಲ. ಶೇಂಗಾದಿಂದ ಮೈ ಬರ್ತದ ಅಂತ ಮಗಳು ಬೈತಾಳ. ಏನ್ ಮಾಡ್ಲಿ?
— ಗದಗದಿಂದ ಒಬ್ಬ ತಾಯಿ

ಮಗಳು ಹೇಳುವುದರಲ್ಲಿ ಅರ್ಧ ಸತ್ಯ ಇದೆ ಅಕ್ಕಾರ. ಶೇಂಗಾ 100 ಗ್ರಾಂಗೆ 560ಕ್ಕಿಂತ ಜಾಸ್ತಿ ಕ್ಯಾಲೊರಿ. ಆದರೆ 100 ಗ್ರಾಂ ಯಾರು ಹಾಕುತ್ತಾರೆ? ಒಂದು ದೊಡ್ಡ ಚಮಚ ಹಿಂಡಿ (ಕುಟ್ಟಿದ ಶೇಂಗಾ ಪುಡಿ) ಅಂದರೆ 8 ಗ್ರಾಂ ಇರಬಹುದು, 45 ಕ್ಯಾಲೊರಿ. ಆ ಒಂದು ಚಮಚ ಹಾಕಿ, ಒಗ್ಗರಣೆಯ ಎಣ್ಣೆಯಲ್ಲಿ ಒಂದು ಟೀ ಚಮಚ ಕಡಿಮೆ ಮಾಡಿ, ಲೆಕ್ಕ ಸರಿ ಹೋಯಿತು. ಕೊನೆಗೆ ಒಲೆ ಆರಿಸಿದ ಮೇಲೆ ಉದುರಿಸಿದರೆ ಘಮ ಮೇಲೇ ನಿಲ್ಲುತ್ತದೆ, ಕಡಿಮೆ ಹಾಕಿದ್ದು ಗೊತ್ತೇ ಆಗಲ್ಲ. ಮಗಳು ಒಪ್ಪದಿದ್ದರೆ ಅರ್ಧ ಶೇಂಗಾ, ಅರ್ಧ ಪುಟಾಣಿ (ಹುರಿಗಡಲೆ) ಹಾಕಿ ಕುಟ್ಟಿ. ಪುಟಾಣಿಯಲ್ಲಿ ಎಣ್ಣೆ ಅಂಶ ಬಹಳ ಕಡಿಮೆ.

ಬ್ಯಾಡಗಿ ನಿಮ್ಮ ಪಕ್ಕದ ಹಾವೇರಿ ಜಿಲ್ಲೆಯಲ್ಲೇ ಇದೆ, ನಿಮಗೆ ನಾನು ಮೆಣಸಿನಕಾಯಿ ಪಾಠ ಹೇಳುವುದು ಚಂದವಲ್ಲ. ಆದರೂ ಬೇರೆ ಓದುಗರಿಗೆ: ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಮೊಟ್ಟೆಗೆ ಬ್ಯಾಡಗಿಯೇ ಜಾಸ್ತಿ ಇರಲಿ, ಖಾರ ಬೇಕಾದರೆ ಹಸಿಮೆಣಸಿನಕಾಯಿ, ಕಾಳುಮೆಣಸು ಇದ್ದೇ ಇದೆ. ನಿಮ್ಮ ಕಡೆ ರೊಟ್ಟಿ ಜೊತೆ ಹಸಿ ಉಳ್ಳಾಗಡ್ಡಿ, ಮೂಲಂಗಿ, ಹಕ್ಕರಕಿ ಸೊಪ್ಪು ಇಟ್ಟುಕೊಂಡು ತಿನ್ನುತ್ತೀರಲ್ಲ, ಜಿಮ್‌ನವರು ದುಡ್ಡು ಇಸಿದುಕೊಂಡು ಹೇಳುವುದು ಅದನ್ನೇ. ಬಿಡಬೇಡಿ.

*

ಕಾಯಿತುರಿ ಇಲ್ಲದೆ ಪಲ್ಯ ಮಾಡು ಅನ್ನುವುದು ನಮಗೆ ಶಿಕ್ಷೆ. ಒಂದು ಹಿಡಿಗೆ ಏನು ಮಹಾ ಆಗುತ್ತದೆ?
— ಮಂಗಳೂರಿನ ಓದುಗರು

ಒಂದು ಹಿಡಿ ಹಸಿ ಕಾಯಿತುರಿ 30 ಗ್ರಾಂ ಅಂತ ಹಿಡಿದರೆ 100 ಕ್ಯಾಲೊರಿ ಚಿಲ್ಲರೆ, ಒಂದು ಮೊಟ್ಟೆಗಿಂತ ಜಾಸ್ತಿ. ನಿಮ್ಮ ಕಡೆಯ ಕಾಯಿ ಹಾಕಿದ ಒಣ ಪಲ್ಯ, ಮೊಟ್ಟೆ ಸುಕ್ಕಕ್ಕೆ ಬೀಳುವುದು ಒಂದು ಹಿಡಿಯಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಬಿಡಿ ಅನ್ನುವುದಿಲ್ಲ, ಅದು ನಿಮ್ಮ ಊಟದ ಜೀವ. ತಲೆಗೆ ಒಂದು ದೊಡ್ಡ ಚಮಚ ಸಾಕು. ಬೆಳ್ಳುಳ್ಳಿ, ಜೀರಿಗೆ, ಒಂದು ಚೂರು ಹುಣಸೆಹಣ್ಣಿನ ಜೊತೆ ನೀರು ಹಾಕದೆ ತರಿತರಿಯಾಗಿ ಒಂದು ಸುತ್ತು ತಿರುಗಿಸಿ ಕೊನೆಗೆ ಸೇರಿಸಿ. ಹಾಗೇ ತುರಿ ಉದುರಿಸುವುದಕ್ಕಿಂತ ಹೀಗೆ ಮಾಡಿದರೆ ರುಚಿ ಎಲ್ಲ ಕಡೆ ಹರಡುತ್ತದೆ. ತೆಂಗಿನೆಣ್ಣೆಯಲ್ಲಿ ಒಗ್ಗರಣೆ ಹಾಕಿ, ಕಾಯಿಯನ್ನೂ ಹಾಕುವುದು ಬೇಡ. ಎರಡರಲ್ಲಿ ಒಂದು.

*

ಹಳದಿ ತೆಗೆದು ಬಿಳಿ ಮಾತ್ರ ತಿನ್ನಬೇಕು ಅಂತ ಮಗ ಹೇಳುತ್ತಾನೆ. ದಿನಾ ನಾಲ್ಕು ಹಳದಿ ಸಿಂಕಿಗೆ ಹೋಗುತ್ತದೆ, ನೋಡಿದರೆ ಹೊಟ್ಟೆ ಉರಿಯುತ್ತದೆ.
— ಹಾಸನ

ನನಗೂ ಓದಿಯೇ ಹೊಟ್ಟೆ ಉರಿಯಿತು. ಬಿಳಿಯಲ್ಲಿ 17 ಕ್ಯಾಲೊರಿ, ಹಳದಿಯಲ್ಲಿ 55ರಷ್ಟು, ಅವನ ಲೆಕ್ಕ ಅದು. ಆದರೆ ಎ, ಡಿ ವಿಟಮಿನ್, ಕಬ್ಬಿಣದ ಅಂಶ, ಬಿ12ರ ಬಹುಪಾಲು ಇರುವುದು ಹಳದಿಯಲ್ಲೇ, ರುಚಿಯೂ ಅಲ್ಲೇ ಇದೆ. ಹೊಟ್ಟೆ ನಿಲ್ಲಿಸುವುದರಲ್ಲೂ ಅದರ ಪಾಲಿದೆ. ಕೊಲೆಸ್ಟ್ರಾಲ್ ಒಂದು ಮೊಟ್ಟೆಗೆ 185 ಮಿಲಿಗ್ರಾಂ ಇದೆ, ಪೂರ್ತಿ ಹಳದಿಯಲ್ಲೇ, ಅದು ನಿಜ. ದಿನಕ್ಕೆ 300 ಮಿಲಿಗ್ರಾಂ ದಾಟಬಾರದು ಅನ್ನುವ ಮಿತಿ ಅಮೆರಿಕದವರ ಆಹಾರ ಮಾರ್ಗಸೂಚಿಯಲ್ಲಿ ಬಹಳ ಕಾಲ ಇತ್ತು, 2015ರ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ಹಾಗಂತ ದಿನಾ ಆರು ಹಳದಿ ತಿನ್ನಿ ಅಂತಲ್ಲ. ಮಗ ಗಟ್ಟಿಮುಟ್ಟಾಗಿದ್ದರೆ ಒಂದು ಪೂರ್ತಿ ಮೊಟ್ಟೆ, ಜೊತೆಗೆ ಒಂದೆರಡು ಬಿಳಿ ಅಂತ ರಾಜಿ ಮಾಡಿಕೊಳ್ಳಿ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಮನೆಯಲ್ಲಿದ್ದರೆ ಅವರ ಲೆಕ್ಕವನ್ನು ಅವರ ಡಾಕ್ಟರ ಹತ್ತಿರವೇ ಕೇಳಬೇಕು, ನನ್ನ ಹತ್ತಿರ ಅಲ್ಲ.

ಹಸಿ ಮೊಟ್ಟೆ ಕುಡಿಯುವ ಹುಚ್ಚೂ ಇದೆ ಅಂತ ಪತ್ರದ ಕೊನೆಗೆ ಬರೆದಿದ್ದೀರಿ. ಅದನ್ನು ಇವತ್ತೇ ನಿಲ್ಲಿಸಿ. ಬೇಯಿಸಿದರೆ ಪ್ರೋಟೀನ್ ಮೈಗೆ ಹತ್ತುವುದು ಜಾಸ್ತಿ, ಹಸಿಯಾಗಿ ಕುಡಿದರೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಬೇರೆ.

*

ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ. ಬೆಳಿಗ್ಗೆ ಏಳಕ್ಕೆ ಡಬ್ಬಿ ಕಟ್ಟಬೇಕು, ಊಟ ಒಂದು ಗಂಟೆಗೆ. ಮೊಟ್ಟೆ ಪಲ್ಯ ಡಬ್ಬಿಯಲ್ಲಿ ರಬ್ಬರ್ ಆಗುತ್ತದೆ, ಮುಚ್ಚಳ ತೆಗೆದರೆ ಪಕ್ಕದವರೆಲ್ಲ ತಿರುಗಿ ನೋಡುತ್ತಾರೆ. ನಮಗೆ ಬೇರೆ ಏನಾದರೂ ಇದೆಯಾ ಅಕ್ಕ?
— ಓದುಗ ತಂಗಿ

ಇದೆ ತಂಗಿ, ಡಬ್ಬಿಗೆ ಬುರ್ಜಿ ಜಾತಿಯದ್ದು ಯಾವತ್ತೂ ಆಗಿಬರಲ್ಲ. ಬೇಯಿಸಿದ ಮೊಟ್ಟೆಯ ಗೊಜ್ಜು ಮಾಡಿಕೊಳ್ಳಿ, ಅದಕ್ಕೆ ಸೋರೆಕಾಯಿ ಹಾಕಿ. ಸೋರೆಕಾಯಿಗೆ ತನ್ನದು ಅಂತ ರುಚಿಯಿಲ್ಲ, ಕೊಟ್ಟ ಮಸಾಲೆಯನ್ನೆಲ್ಲ ಕುಡಿದುಕೊಳ್ಳುತ್ತದೆ, 100 ಗ್ರಾಂಗೆ 15 ಕ್ಯಾಲೊರಿಯಷ್ಟೇ.

ಮೊಟ್ಟೆಯನ್ನು ರಾತ್ರಿಯೇ ಬೇಯಿಸಿ, ಸಿಪ್ಪೆ ತೆಗೆಯದೆ ಫ್ರಿಜ್‌ನಲ್ಲಿಡಿ. ಫ್ರಿಜ್ ಇಲ್ಲದಿದ್ದರೆ ಬೆಳಿಗ್ಗೆಯೇ ಬೇಯಿಸಿ. ನೀರು ಕುದಿ ಬಂದ ಮೇಲೆ ಹತ್ತು ನಿಮಿಷ, ಕೂಡಲೇ ತಣ್ಣೀರಿಗೆ. ಅದಕ್ಕಿಂತ ಜಾಸ್ತಿ ಬೆಂದರೆ ಹಳದಿ ಸುತ್ತ ಹಸಿರು ಬೂದಿ ಬಣ್ಣದ ಉಂಗುರ ಬರುತ್ತದೆ. ಬಿಳಿಯ ಗಂಧಕ, ಹಳದಿಯ ಕಬ್ಬಿಣ ಎರಡೂ ಸೇರಿ ಆಗುವುದು ಅದು. ತಿಂದರೆ ಏನೂ ಆಗಲ್ಲ, ಆದರೆ ನಿಮ್ಮ ಡಬ್ಬಿಯ ವಾಸನೆಗೆ ಅರ್ಧ ಕಾರಣ ಅದೇ ಗಂಧಕ. ಸಿಪ್ಪೆಯ ಜೊತೆ ಬಿಳಿಯೂ ಕಿತ್ತು ಬಂದರೆ ಮೊಟ್ಟೆ ತೀರಾ ತಾಜಾ ಇದೆ ಅಂತ ಅರ್ಥ. ತಂದು ಒಂದು ವಾರ ಆದದ್ದು ಸಲೀಸಾಗಿ ಬಿಡುತ್ತದೆ.

ಗೊಜ್ಜಿಗೆ ಒಂದು ಈರುಳ್ಳಿ, ಎರಡು ಟೊಮೆಟೊ, ಶುಂಠಿ ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ಒಂದು ಚೂರು ಚಕ್ಕೆ, ಎರಡು ಲವಂಗ. ಕಾಯಿ ಬದಲು ಒಂದು ದೊಡ್ಡ ಚಮಚ ಹುರಿಗಡಲೆ ಹಾಕಿ ರುಬ್ಬಿ, ಗೊಜ್ಜು ಗಟ್ಟಿಯಾಗುತ್ತದೆ, ಮಧ್ಯಾಹ್ನದ ತನಕ ಹುಳಿ ಬರುವ ಭಯವೂ ಕಡಿಮೆ. ಒಂದು ಚಮಚ ಎಣ್ಣೆಯಲ್ಲಿ ಒಗ್ಗರಣೆ, ರುಬ್ಬಿದ್ದು, ಅರಿಶಿನ, ಉಪ್ಪು, ಹೋಳು ಮಾಡಿದ ಅರ್ಧ ಸೋರೆಕಾಯಿ, ಅರ್ಧ ಲೋಟ ನೀರು. ಕುಕ್ಕರ್‌ನಲ್ಲಿ ಒಂದೇ ಕೂಗು. ಮೊಟ್ಟೆಗೆ ಚಾಕುವಿನಿಂದ ನಾಲ್ಕು ಕಡೆ ಗೀರು ಹಾಕಿ ಗೊಜ್ಜಿಗೆ ಬಿಟ್ಟು ಎರಡು ನಿಮಿಷ ಕುದಿಸಿ, ಆ ಗೀರಿನಲ್ಲಿ ಖಾರ ಇಳಿಯುತ್ತದೆ. ಇದು ಇಬ್ಬರಿಗೆ ಆಗುವಷ್ಟು. ಡಬ್ಬಿಯನ್ನು ಬಿಸಿ ಬಿಸಿ ಇದ್ದಾಗಲೇ ಮುಚ್ಚಬೇಡಿ, ಹತ್ತು ನಿಮಿಷ ಆರಿಸಿ. ಬೇಸಿಗೆಯಲ್ಲಿ ಮಧ್ಯಾಹ್ನಕ್ಕೇ ಮುಗಿಸಿ, ಸಂಜೆ ಬಸ್ಸಿನಲ್ಲಿ ತಿನ್ನೋಣ ಅಂತ ಉಳಿಸಬೇಡಿ.

ತಿರುಗಿ ನೋಡುವವರಿಗೆ ಒಂದು ಹೋಳು ಕೊಡಿ. ನಾಳೆಯಿಂದ ಅವರೂ ತರುತ್ತಾರೆ.

*

ನಾಟಿ ಕೋಳಿ ಮೊಟ್ಟೆಗೆ ಎರಡು ಪಟ್ಟು ದುಡ್ಡು. ಕೊಡಬೇಕಾ? ಕಂದು ಮೊಟ್ಟೆ ಎಲ್ಲಾ ನಾಟಿಯೇನಾ?
— ಮಂಡ್ಯ

ಕಂದು ಬಣ್ಣ ಬರುವುದು ಕೋಳಿಯ ತಳಿಯಿಂದ. ಫಾರಂನಲ್ಲೂ ಕಂದು ಮೊಟ್ಟೆ ಇಡುವ ಕೋಳಿಗಳಿವೆ, ಆದ್ದರಿಂದ ಬಣ್ಣ ನೋಡಿ ದುಡ್ಡು ಕೊಡಬೇಡಿ. ನಿಮ್ಮ ಕಣ್ಣೆದುರು ಹಿತ್ತಲಲ್ಲಿ ಓಡಾಡುವ ಕೋಳಿಯದ್ದಾದರೆ ರುಚಿಗೆ ಕೊಡಿ. ಹೊಟ್ಟೆ ತುಂಬುವ ಲೆಕ್ಕಕ್ಕೆ ಫಾರಂ ಮೊಟ್ಟೆ ಸಾಕು, ಪ್ರೋಟೀನ್‌ನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಉಳಿತಾಯ ಬೇಕಾದರೆ 30ರ ಟ್ರೇ ತನ್ನಿ. ಎನ್‌ಇಸಿಸಿ (ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ) ದಿನಾ ಊರೂರಿನ ದರ ಹೇಳುತ್ತದೆ, 100 ಮೊಟ್ಟೆಯ ಲೆಕ್ಕದಲ್ಲಿ. ಅದನ್ನು ನೋಡಿಕೊಂಡು ಹೋದರೆ ಅಂಗಡಿಯವನು ಎಷ್ಟು ಸೇರಿಸಿದ್ದಾನೆ ಅಂತ ಗೊತ್ತಾಗುತ್ತದೆ. ಶ್ರಾವಣದಲ್ಲಿ ಜನ ಬಿಡುತ್ತಾರೆ, ದರ ಇಳಿಯುತ್ತದೆ. ಚಳಿಗಾಲಕ್ಕೆ ಮತ್ತೆ ಏರುತ್ತದೆ. ನಿಮ್ಮ ಮನೆಯಲ್ಲೂ ಶ್ರಾವಣ ಹಿಡಿಯುತ್ತೀರಾ ಅನ್ನುವುದು ಬೇರೆ ಮಾತು.

*

ನಮ್ಮ ಮನೆಯಲ್ಲಿ ಯಜಮಾನರು, ನಾನು ತಿನ್ನಲ್ಲ. ಮಗಳಿಗೆ ಡಾಕ್ಟರು ಮೊಟ್ಟೆ ಕೊಡಿ ಅಂದಿದ್ದಾರೆ. ಮಾಡಿಕೊಡುತ್ತೇನೆ, ಆದರೆ ಪಾತ್ರೆಯ ವಾಸನೆ ಹೋಗುವುದೇ ಇಲ್ಲ.
— ಹೆಸರು ಬೇಡ

ತಿನ್ನದವರು ಮಗುವಿಗಾಗಿ ಮಾಡಿಕೊಡುತ್ತೀರಲ್ಲ, ಅದಕ್ಕೆ ನಮಸ್ಕಾರ. ನಮ್ಮ ಅಜ್ಜಿ ಮನೆಯಲ್ಲೂ ಮೊಟ್ಟೆಗೆ ಒಳಗೆ ಪ್ರವೇಶ ಇರಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲಿಟ್ಟು, ಮೂಲೆಯಲ್ಲಿ ಬೋರಲು ಹಾಕಿರುತ್ತಿದ್ದ ಒಂದು ಬಾಣಲೆಯಲ್ಲಿ ಮಾವ ಮಾಡುತ್ತಿದ್ದರು, ನಾವು ಬಾಳೆಗಿಡದ ಬುಡದಲ್ಲಿ ಕೂತು ತಿನ್ನುತ್ತಿದ್ದೆವು.

ಎಲ್ಲರೂ ಮಾಡುವ ತಪ್ಪು ಬಿಸಿನೀರು. ಮೊಟ್ಟೆ ಅಂಟಿದ ಪಾತ್ರೆಗೆ ಬಿಸಿನೀರು ಹಾಕಿದರೆ ಉಳಿದ ಲೋಳೆ ಅಲ್ಲೇ ಬೆಂದು ಅಂಟಿಕೊಳ್ಳುತ್ತದೆ. ಮೊದಲು ತಣ್ಣೀರಿನಲ್ಲಿ ತೊಳೆಯಿರಿ. ಆಮೇಲೆ ರಸ ಹಿಂಡಿದ ನಿಂಬೆ ಸಿಪ್ಪೆಯನ್ನೋ ಹುಣಸೆಹಣ್ಣನ್ನೋ ಉಪ್ಪಿನ ಜೊತೆ ಉಜ್ಜಿ, ಕೊನೆಗೆ ಸೋಪು. ಲೋಟ, ಚಮಚಕ್ಕೂ ಹೀಗೇ ಮಾಡಿ, ವಾಸನೆ ಜಾಸ್ತಿ ಕೂರುವುದು ಮೊಟ್ಟೆ ಕಲಕಿದ ಲೋಟದಲ್ಲಿ. ಒಂದು ಸಣ್ಣ ಕಬ್ಬಿಣದ ಬಾಣಲೆ, ಒಂದು ಸೌಟು ಅವಳಿಗೇ ಅಂತ ಬೇರೆ ಇಟ್ಟುಬಿಡಿ. ಮಾಡುವಾಗ ಅರಿಶಿನ, ಕಾಳುಮೆಣಸು ಧಾರಾಳ ಇರಲಿ.

*

ನಾನು ನಿವೃತ್ತ ಶಿಕ್ಷಕ, ವಯಸ್ಸು 67. ಮಗಳ ಬಾಣಂತನಕ್ಕೆ ಮನೆಯವರು ಅಮೆರಿಕಕ್ಕೆ ಹೋಗಿ ಎರಡು ತಿಂಗಳಾಯಿತು. ಅನ್ನ, ಸಾರು ಕಲಿತೆ. ಮೊಟ್ಟೆ ಒಡೆಯಲು ಹೋದರೆ ಸಿಪ್ಪೆಯೆಲ್ಲ ಒಳಗೆ ಬೀಳುತ್ತದೆ. ನಗಬೇಡಿ.
— ಶಿವಮೊಗ್ಗ

ನಗುವುದಿಲ್ಲ ಮೇಷ್ಟ್ರೇ. ಅಜ್ಜ ಆಗಿದ್ದೀರಿ, ಸಂತೋಷ.

ಪಾತ್ರೆಯ ಅಂಚಿಗೆ ಕುಟ್ಟುತ್ತಿದ್ದೀರಿ ಅನ್ನಿಸುತ್ತದೆ. ಚೂಪಾದ ಅಂಚು ಸಿಪ್ಪೆಯನ್ನು ಒಳಕ್ಕೆ ತಳ್ಳುತ್ತದೆ. ಕಟ್ಟೆಯ ಸಪಾಟಾದ ಕಲ್ಲಿನ ಮೇಲೆ ಮೊಟ್ಟೆಯ ನಡುಭಾಗವನ್ನು ಒಮ್ಮೆ ಟಕ್ ಅಂತ ತಟ್ಟಿ. ಬಾಗಿಲು ತಟ್ಟುವಷ್ಟು ಜೋರು, ಅದಕ್ಕಿಂತ ಹೆಚ್ಚು ಬೇಡ. ಬಿರುಕು ಬಿಟ್ಟ ಜಾಗಕ್ಕೆ ಎರಡೂ ಹೆಬ್ಬೆರಳಿಟ್ಟು ಲೋಟದ ಮೇಲೆ ಹಿಡಿದು ಬಿಡಿಸಿ. ನೇರ ಬಾಣಲೆಗೆ ಒಡೆಯಬೇಡಿ, ಒಂದೊಂದನ್ನೂ ಲೋಟಕ್ಕೆ ಒಡೆದು ನೋಡಿ ಹಾಕಿ, ಒಂದು ಕೆಟ್ಟಿದ್ದರೂ ಮಿಕ್ಕಿದ್ದು ಉಳಿಯುತ್ತದೆ. ಹಳೆಯದೋ ಅನ್ನುವ ಅನುಮಾನ ಇದ್ದರೆ ಒಡೆಯುವ ಮೊದಲೇ ನೀರು ತುಂಬಿದ ಪಾತ್ರೆಗೆ ಬಿಡಿ. ತಳದಲ್ಲಿ ಮಲಗಿದರೆ ತಾಜಾ. ತಳದಲ್ಲೇ ಎದ್ದು ನಿಂತರೆ ಹಳೆಯದು, ಬೇಗ ಮುಗಿಸಿ. ತೇಲಿದರೆ ಬೇಡ. ದಿನ ಕಳೆದ ಹಾಗೆ ಸಿಪ್ಪೆಯ ಸಣ್ಣ ರಂಧ್ರಗಳಿಂದ ಒಳಗಿನ ತೇವ ಹೊರಗೆ ಹೋಗಿ ಗಾಳಿ ಸೇರುತ್ತದೆ, ಅದಕ್ಕೇ ತೇಲುವುದು. ಇದನ್ನು ನಿಮಗೆ ಹೇಳಬೇಕಾ, ವಿಜ್ಞಾನದ ಮೇಷ್ಟ್ರು ಆಗಿದ್ದರೆ ನೀವೇ ಪಾಠ ಮಾಡಿರುತ್ತೀರಿ.

ಅಷ್ಟಾದರೂ ಸಿಪ್ಪೆಯ ಚೂರು ಬಿದ್ದರೆ ಬೆರಳು ಹಾಕಿ ಅಟ್ಟಾಡಿಸಬೇಡಿ, ಜಾರಿಕೊಳ್ಳುತ್ತಲೇ ಇರುತ್ತದೆ. ಒಡೆದ ಸಿಪ್ಪೆಯ ಅರ್ಧ ಭಾಗವನ್ನೇ ಚಮಚದಂತೆ ಹಿಡಿದು ಚೂರಿನ ಹತ್ತಿರ ಅದ್ದಿ, ಅದರ ಚೂಪು ಅಂಚು ಲೋಳೆಯನ್ನು ಕತ್ತರಿಸಿಕೊಂಡು ಹೋಗಿ ಚೂರನ್ನು ಎತ್ತಿಬಿಡುತ್ತದೆ. ಆಮೇಲೆ ಕೈ ಸೋಪಿನಲ್ಲಿ ತೊಳೆದುಕೊಂಡು ಕೋಸು ಹೆಚ್ಚಿ.